ಅತ್ತೆ ಊದಿದ ಜಾಗಗಳು

ನನ್ನ ಸೋದರತ್ತೆಗೆ ಊರಿನವರು ‘ಕೊನೆಯುಸಿರು’ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಮಾತ್ರ. ಅತ್ತೆ ಚಿತಾಗಾರದಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಹೆಣದ ಪೆಟ್ಟಿಗೆ ಒಳಗೆ ಸರಿದು ಬಾಗಿಲು ಮುಚ್ಚುವ ತನಕ ಅಲ್ಲಿ ಕೇಳುತ್ತಿದ್ದುದು ಅವರ ಉಸಿರೊಂದೇ. ಅದನ್ನೇ ಹಿಡಿದು ಯಾರೋ ಕಿಡಿಗೇಡಿ ಇಟ್ಟ ಹೆಸರು ಊರಿಗೆಲ್ಲ ಅಂಟಿಕೊಂಡಿತು. ಅತ್ತೆಗೂ ಗೊತ್ತಿತ್ತು. “ಉಸಿರು ಅಂದ್ರಲ್ಲ, ಗೂಬೆ ಅನ್ಲಿಲ್ವಲ್ಲ, ಬಿಡು” ಎನ್ನುತ್ತಿದ್ದರು.

ಅತ್ತೆಗೂ ನನ್ನ ಅಪ್ಪನಿಗೂ ವಾದ್ಯ ಹಿಡಿಸಿದವರು ತಾತ. ಅವರು ಸರ್ಕಸ್ ಬ್ಯಾಂಡಿನಲ್ಲಿದ್ದವರು. ಹಗ್ಗದ ಮೇಲೆ ನಡೆಯುವವಳ ಹೆಜ್ಜೆ ನೋಡಿಕೊಂಡೇ ಊದಬೇಕಾಗಿದ್ದರಿಂದ ಅವರ ಕತ್ತು ಮನೆಯಲ್ಲಿ ಕೂತಾಗಲೂ ಕೊಂಚ ಮೇಲಕ್ಕೇ ಎತ್ತಿರುತ್ತಿತ್ತು. ಸರ್ಕಸ್ಸು ಮುಚ್ಚಿದ ಮೇಲೆ ಮಕ್ಕಳಿಬ್ಬರನ್ನೂ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ ಕಲಿಸಿದರು. ಅಪ್ಪನಿಗೆ ಆಸೆಯಿತ್ತು, ಬೆರಳು ಓಡುತ್ತಿರಲಿಲ್ಲ. ತಂಗಿ ಪಕ್ಕದಲ್ಲಿ ಕೂತು ಅವನ ಬೆರಳು ಹಿಡಿದು ಸರಿಯಾದ ತೂತಿನ ಮೇಲೆ ಇಡುತ್ತಿದ್ದಳಂತೆ. ತಾತ ಒಂದು ದಿನ ಹೇಳಿಬಿಟ್ಟರು: “ನೀನು ಬೇರೆ ಏನಾದ್ರೂ ಕೆಲಸ ಹುಡುಕ್ಕೋಪ್ಪ. ಇವಳು ಇದರಲ್ಲೇ ಅನ್ನ ತಿಂತಾಳೆ.”

ಅಪ್ಪ ರೈಲು ವರ್ಕ್‌ಶಾಪಿಗೆ ಸೇರಿದ. ಅಲ್ಲಿಯ ಕಾರ್ಮಿಕರದೊಂದು ಬ್ಯಾಂಡಿತ್ತು. ಎರಕದ ಮನೆಯವನು ತುತ್ತೂರಿ, ಗೇಟಿನ ಕಾವಲುಗಾರ ಡ್ರಮ್ಮು, ಬಣ್ಣ ಬಳಿಯುವವರಿಬ್ಬರು ಕೊಳಲು, ಅಪ್ಪ ಕ್ಲಾರಿನೆಟ್. ಭಾನುವಾರ ಸಂಜೆ ಪಾರ್ಕಿನ ಮಧ್ಯದ ಕಟ್ಟೆಯ ಮೇಲೆ ಅವರು ನುಡಿಸುತ್ತಿದ್ದರು. ಶ್ರುತಿ ಒಬ್ಬೊಬ್ಬರದು ಒಂದೊಂದು ದಿಕ್ಕಿಗೆ. ಆದರೆ ಬೆಂಚುಗಳ ಮೇಲೆ ಕೂತ ಜನ ಪ್ರತಿ ಹಾಡಿಗೂ ಚಪ್ಪಾಳೆ ತಟ್ಟುತ್ತಿದ್ದರು, ಅಪ್ಪ ಟೋಪಿ ತೆಗೆದು ಬಾಗುತ್ತಿದ್ದ. ನಿಜವಾಗಿ ಊದಬಲ್ಲ ಅತ್ತೆಗೆ ಮಾತ್ರ ಚಪ್ಪಾಳೆಯ ಯೋಗವಿರಲಿಲ್ಲ.

ಅತ್ತೆಯ ಮೊದಲ ಕೆಲಸ ಸ್ಟೇಷನ್ ಎದುರಿನ ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ. ಮೂಲೆಯಲ್ಲಿ ಪಿಯಾನೋದವನೊಬ್ಬ, ಪಕ್ಕದಲ್ಲಿ ಅತ್ತೆ. ಮ್ಯಾನೇಜರು ದಿನಕ್ಕೊಮ್ಮೆಯಾದರೂ ಬಂದು, “ಸ್ವಲ್ಪ ಮೆತ್ತಗೆ, ತಾಯಿ. ಗಿರಾಕಿಗಳಿಗೆ ಅವರ ಮಾತು ಅವರಿಗೇ ಕೇಳಿಸ್ತಿಲ್ವಂತೆ” ಎನ್ನುತ್ತಿದ್ದ. ಅತ್ತೆ ಮೆತ್ತಗೆ ಊದುವುದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಅವರು ಊದುತ್ತಿದ್ದಾರೆ ಎಂಬುದೇ ಜನರಿಗೆ ಮರೆತುಹೋಯಿತು. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಗಡಿಯಾರ ರಿಪೇರಿಯವನೊಬ್ಬ ಮಾತ್ರ ಮರೆತಿರಲಿಲ್ಲ. ಮೂಲೆಯ ಮೇಜೇ ಬೇಕೆಂದು ಕಾಯುತ್ತಿದ್ದ, ತಣ್ಣಗಾದ ತಟ್ಟೆ ಮುಂದಿಟ್ಟುಕೊಂಡು ಕೇಳುತ್ತಿದ್ದ. ಮದುವೆಯ ಮಾತೂ ಅರ್ಧ ನಡೆದಿತ್ತು. ಅಷ್ಟರಲ್ಲಿ ಹೋಟೆಲಿನವರು ಗೋಡೆಗೆ ಸ್ಪೀಕರ್ ಹಾಕಿಸಿ ಪಿಯಾನೋದವನನ್ನೂ ಅತ್ತೆಯನ್ನೂ ಮನೆಗೆ ಕಳಿಸಿದರು.

ಚಿತಾಗಾರದಲ್ಲಿ ಊದುವವರು ಬೇಕಾಗಿದ್ದಾರೆ ಎಂದು ತಿಳಿದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

“ಹೆಣದ ಮುಂದೆ ಊದ್ತೀಯೇನೇ? ನಾಳೆ ನಿನ್ನ ಯಾರು ಮಾಡ್ಕೋತಾರೆ?”

“ಊಟದ ಮುಂದೆ ಊದಿ ನೋಡಿದ್ನಲ್ಲಮ್ಮ. ಇವರಾದ್ರೂ ಬಾಯಿ ಮುಚ್ಕೊಂಡಿರ್ತಾರೆ.”

ಅಜ್ಜಿ ಹೇಳಿದಂತೆಯೇ ಆಯಿತು. ಗಡಿಯಾರದವನ ತಾಯಿ ಮಾತು ಮುರಿದಳು. ಅವನು ಒಮ್ಮೆ, ಅತ್ತೆ ಬೇರೆಯಾಗಿ ಹಿಡಿದಿದ್ದ ಬಾಡಿಗೆ ಕೋಣೆಯ ಮೆಟ್ಟಿಲವರೆಗೆ ಬಂದು, ಕೆಳಗೇ ಸ್ವಲ್ಪ ಹೊತ್ತು ನಿಂತು, ಹಾಗೇ ಹಿಂದಿರುಗಿದ. ಅತ್ತೆ ಕಿಟಕಿಯಿಂದ ನೋಡಿದರಂತೆ, ಕೂಗಲಿಲ್ಲ.

ಚಿತಾಗಾರದ ಸಭಾಂಗಣ ತಣ್ಣಗೆ ಕೊರೆಯುತ್ತಿತ್ತು. ಚಳಿಗೆ ಕ್ಲಾರಿನೆಟ್ಟಿನ ಶ್ರುತಿ ಇಳಿದುಬಿಡುತ್ತದೆ. ಹಾಗಾಗಿ ಅತ್ತೆ ವಾದ್ಯವನ್ನು ಎರಡು ಭಾಗವಾಗಿ ಬಿಚ್ಚಿ ಸ್ವೆಟರಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು, ಬಿದಿರಿನ ಸೀಳಿನಂಥ ರೀಡನ್ನು ಬಾಯಲ್ಲಿ ನೆನೆಸಿಕೊಂಡು, ಪರದೆಯ ಹಿಂದಿನ ಸ್ಟೂಲಿನ ಮೇಲೆ ಕಾಯುತ್ತಿದ್ದರು. ಮನೆಯವರಿಗೆ ಅವರು ಕಾಣಬಾರದು ಎಂಬುದು ಅಲ್ಲಿಯ ನಿಯಮ. ಪೆಟ್ಟಿಗೆ ಇಟ್ಟಿದ್ದ ಗಾಡಿ ಹಳೆಯದು, ಸರಿಯುವಾಗ ಅದರ ಚಕ್ರ ಕಿರುಗುಟ್ಟುತ್ತಿತ್ತು. ಆ ಸದ್ದು ಮನೆಯವರ ಕಿವಿಗೆ ಬೀಳದಂತೆ ಅತ್ತೆ ಅದೇ ಹೊತ್ತಿಗೆ ಒಂದು ಸ್ವರವನ್ನು ಕೆಳಗಿನಿಂದ ಎತ್ತಿ, ಬಾಗಿಲು ಮುಚ್ಚುವವರೆಗೂ ಒಂದೇ ಉಸಿರಿನಲ್ಲಿ ಹಿಡಿದಿಡುತ್ತಿದ್ದರು. ಎಷ್ಟೋ ಜನ ಆಮೇಲೆ ಮೇಲ್ವಿಚಾರಕನನ್ನು ಕೇಳುತ್ತಿದ್ದರಂತೆ, “ಅದು ಯಾರು ಊದಿದ್ದು?” ಎಂದು. “ನಮ್ಮಲ್ಲಿ ಒಬ್ಬರಿದ್ದಾರೆ” ಎಂದಷ್ಟೇ ಅವನ ಉತ್ತರ. ಸಣ್ಣ ಊರು. ಯಾರೆಂದು ತಿಳಿಯಲು ಎಷ್ಟು ಹೊತ್ತು? ಬರಬರುತ್ತಾ ಅತ್ತೆ ತರಕಾರಿ ತರಲು ಹೊರಟರೂ ಜನ ರಸ್ತೆಯ ಆಚೆ ಬದಿಗೆ ದಾಟತೊಡಗಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಟೌನ್‌ಹಾಲಿನ ವಾದ್ಯವೃಂದದ ನಿರ್ದೇಶಕರು ಅತ್ತೆಯ ಕೋಣೆಗೇ ಬಂದರು. ಆ ವೃಂದದಲ್ಲಿ ಕೂರುವುದೆಂದರೆ ನಮ್ಮ ಕಡೆ ಊದುವವರಿಗೆಲ್ಲ ಮೇಲಿನ ಕೊನೆಯ ಮೆಟ್ಟಿಲು. ಅವರು ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: “ನಮ್ಮ ತಾಯಿಗೆ ಊದಿದವರು ನೀವೇ ಅಲ್ವಾ?”

“ನಾನೇ ಇರ್ಬೇಕು. ಬೇರೆ ಯಾರೂ ಇಲ್ವಲ್ಲ ಅಲ್ಲಿ.”

“ನಮ್ಮ ಕ್ಲಾರಿನೆಟ್ಟಿನವರು ಮೆಟ್ಟಿಲಿಂದ ಬಿದ್ದು ಮಣಿಕಟ್ಟು ಮುರ್ಕೊಂಡಿದ್ದಾರೆ. ಅವರಿಗೆ ವಯಸ್ಸೂ ಆಯ್ತು. ಈ ಸಲದ ಕಛೇರಿಗೆ ನೀವು ಬನ್ನಿ. ಚೆನ್ನಾಗಾದ್ರೆ ಆ ಜಾಗ ನಿಮ್ಮದೇ.”

ಅತ್ತೆ ಅಂದು ನಮ್ಮ ಮನೆಗೆ ಬಂದು ಅಮ್ಮನ ಕಪ್ಪು ಸೀರೆ ಕೇಳಿದರು. ಅವರು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪನಿಗೆ ಹಿಗ್ಗು ತಡೆಯಲಾಗಲಿಲ್ಲ. ವರ್ಕ್‌ಶಾಪಿನಲ್ಲೆಲ್ಲ ಸಾರಿ, ಬ್ಯಾಂಡಿನವರನ್ನೆಲ್ಲ ಕಟ್ಟಿಕೊಂಡು ಬಂದು ಟೌನ್‌ಹಾಲಿನ ಹಿಂದಿನ ಸಾಲುಗಳಲ್ಲಿ ಕೂತ. ನಾವೂ ಅಲ್ಲೇ ಇದ್ದೆವು.

ಅಂದು ನುಡಿಸಿದ ಕೃತಿಯ ನಡುವೆ ಒಂದು ನಿಧಾನವಾದ ಭಾಗವಿತ್ತು. ಉಳಿದವರೆಲ್ಲ ಸುಮ್ಮನಾಗಿ ಕ್ಲಾರಿನೆಟ್ ಒಂದೇ ಕೆಳಗಿನಿಂದ ಏಳಬೇಕು. ಅತ್ತೆ ಊದಿದರು. ಅಂಥ ನಾದವನ್ನು ನಾನು ಆಮೇಲೂ ಕೇಳಿಲ್ಲ. ನೆಲದ ಕೆಳಗಿನಿಂದ ನೀರು ಒಸರಿದ ಹಾಗೆ ಅದು ಸಭಾಂಗಣವನ್ನು ತುಂಬಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಿಕ್ಕಿದಳು. ಔಷಧಿ ಅಂಗಡಿಯವನ ಹೆಂಡತಿ, ಆಗಷ್ಟೇ ಮಗಳನ್ನು ಕಳೆದುಕೊಂಡವಳು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೊರಗೆ ಓಡಿದಳು, ಗಂಡ ಹಿಂದೆಯೇ ಹೋದ. ಆಮೇಲೆ ಬಾಲ್ಕನಿಯಲ್ಲಿ ಒಬ್ಬ ಮುದುಕ. ಆಮೇಲೆ ಇನ್ನಾರೋ. ಒಳ್ಳೆಯ ಸಂಗೀತಕ್ಕೆ ಕಣ್ಣು ತುಂಬಿಕೊಳ್ಳುವ ರೀತಿಯಲ್ಲ ಅದು, ಒಬ್ಬೊಬ್ಬರೂ ತಮ್ಮ ತಮ್ಮ ಹೆಣದ ಮುಂದೆ ಮತ್ತೆ ನಿಂತಿದ್ದರು. ಮೂಗು ಸೀಟುವ ಸದ್ದು, ಕುರ್ಚಿ ಮಡಚುವ ಸದ್ದು. ಅತ್ತೆ ಹಾಳೆಯಿಂದ ಕಣ್ಣೆತ್ತಲಿಲ್ಲ, ಒಂದು ಸ್ವರವೂ ತಪ್ಪದಂತೆ ಮುಗಿಸಿದರು. ಕೊನೆಗೆ ಚಪ್ಪಾಳೆ ಬಂತು. ಹೆಚ್ಚಿನದು ಅಪ್ಪನ ಬ್ಯಾಂಡಿನವರದು.

ಮರುದಿನ ನಿರ್ದೇಶಕರು ಮತ್ತೆ ಬಂದರು. ಈ ಸಲ ಕೂರಲಿಲ್ಲ.

“ನಿಮ್ಮ ಊದುವಿಕೇಲಿ ನನಗೆ ಒಂದು ಕೊರತೆಯೂ ಕಾಣಲಿಲ್ಲ” ಎಂದರು. “ಆದರೆ ಜನ ಹೇಳ್ತಾರೆ, ದುಃಖ ಮರೆಯೋಕೆ ಅಂತ ಬಂದ್ರೆ ಇಲ್ಲೂ ಅದನ್ನೇ ಕೇಳಿಸಿದ್ರಲ್ಲ ಅಂತ. ನಾನೇನು ಹೇಳ್ಲಿ? ಈ ಊರು ನಿಮ್ಮನ್ನ ಮೊದಲು ಅಲ್ಲಿ ಕೇಳಿಬಿಟ್ಟಿದೆ.”

“ಬೇರೆ ಥರ ಊದ್ಲಾ?”

ಅವರು ತಲೆತಗ್ಗಿಸಿದರು. “ಬೇರೆ ಥರ ಊದಿದ್ರೆ ನೀವ್ಯಾಕಮ್ಮಾ ಬೇಕು ನಮಗೆ?”

ಆ ಸಂಜೆ ಅಪ್ಪ ಸಮಾಧಾನ ಮಾಡಲೆಂದು ಹೋದ. ನಾನೂ ಜೊತೆಗಿದ್ದೆ. ಅತ್ತೆ ಸೀರೆ ಮಡಚುತ್ತಿದ್ದರು.

“ಅವರು ಹೋದ್ರೆ ಹೋಗ್ಲಿ ಬಿಡೇ. ನಮ್ಮ ಬ್ಯಾಂಡಿಗೆ ಬಾ. ಪಾರ್ಕಲ್ಲಿ ಜನ ಎಷ್ಟು ಖುಷಿಯಾಗಿ ಕೇಳ್ತಾರೆ ಗೊತ್ತಾ?”

“ಅಣ್ಣಾ, ನಿಮ್ಮ ಬ್ಯಾಂಡನ್ನ ಜನ ಕೇಳಲ್ಲ, ನೋಡ್ತಾರೆ, ಕೋತಿ ಆಟ ನೋಡಿದ ಹಾಗೆ. ಅಲ್ಲಿ ಬಂದು ಕೂರೋದಕ್ಕಿಂತ ನನಗೆ ಹೆಣಾನೇ ವಾಸಿ.”

ಅಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ. ಆಮೇಲೆ ವರ್ಷಗಟ್ಟಲೆ ಅವರಿಬ್ಬರೂ ಮಾತಾಡಲಿಲ್ಲ. ಅತ್ತೆಯ ಕೋಣೆ ನಮ್ಮ ಮನೆಯಿಂದ ಕೂಗಳತೆ ದೂರ. ಅಮ್ಮ ಊಟದ ಡಬ್ಬಿ ಕಳಿಸುತ್ತಿದ್ದಳು, ಅತ್ತೆ ಡಬ್ಬಿ ತೊಳೆದು ವಾಪಸು ಕಳಿಸುತ್ತಿದ್ದರು. “ಅಣ್ಣನಿಗೂ ತಂಗಿಗೂ ಊದೋಕೆ ಬರುತ್ತೆ, ಮಾತಾಡೋಕೆ ಬರಲ್ಲ” ಎಂದು ಅಮ್ಮ ಪಾತ್ರೆಗಳ ಜೊತೆ ಗೊಣಗುತ್ತಿದ್ದಳು. ಭಾನುವಾರ ಅಪ್ಪ ಪಾರ್ಕಿಗೆ ಹೋಗುವಾಗ ಅತ್ತೆಯ ಕಿಟಕಿಯ ಕೆಳಗೇ ಹೋಗಬೇಕಿತ್ತು. ಸುತ್ತು ಬಳಸಿ ಹೋಗತೊಡಗಿದ.

ವರ್ಕ್‌ಶಾಪಿನ ದೂಳು ಅಪ್ಪನ ಎದೆಯಲ್ಲಿ ಕೂತಿತ್ತು. ಮೊದಲು ಉದ್ದನೆಯ ಸ್ವರಗಳು ಕೈಬಿಟ್ಟವು, ಆಮೇಲೆ ಚಿಕ್ಕವೂ. ಕೊನೆಕೊನೆಗೆ ಬ್ಯಾಂಡಿನಲ್ಲಿ ವಾದ್ಯವನ್ನು ಬಾಯಿಗಿಟ್ಟುಕೊಂಡು ಬರಿದೇ ಬೆರಳಾಡಿಸುತ್ತಾ ಕೂರುತ್ತಿದ್ದ, ಉಳಿದವರು ಕಂಡೂ ಕಾಣದಂತಿದ್ದರು. ಕಡೆಗೆ ಆಸ್ಪತ್ರೆ ಸೇರಿದ. ಅಮ್ಮ ಹೋಗಿ ಅತ್ತೆಯ ಬಾಗಿಲು ತಟ್ಟಿ, “ಬರೋದಾದ್ರೆ ಈಗ ಬಾ” ಎಂದಷ್ಟೇ ಹೇಳಿಬಂದಳು.

ಅತ್ತೆ ಬಂದರು. ಕ್ಲಾರಿನೆಟ್ ಪೆಟ್ಟಿಗೆಯನ್ನೂ ತಂದಿದ್ದರು, ಅಣ್ಣನಿಗೆ ಮೆತ್ತಗೆ ಏನಾದರೂ ಊದೋಣ ಎಂದು. ಅದು ಉದ್ದನೆಯ ವಾರ್ಡು. ಅತ್ತೆ ಪೆಟ್ಟಿಗೆ ತೆರೆದದ್ದೇ ತಡ, ಪಕ್ಕದ ಮಂಚದ ಮುದುಕ ಹೊದಿಕೆ ಕಿತ್ತೆಸೆದು ಎದ್ದು ಕೂತ.

“ಅಯ್ಯೋ ತಾಯಿ, ನಾನಿನ್ನೂ ಸತ್ತಿಲ್ಲ! ಸಿಸ್ಟರ್, ಇವರನ್ನ ಯಾರು ಕರೆಸಿದ್ದು?”

ನರ್ಸು ಓಡಿಬಂದಳು. ಅಪ್ಪನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಅತ್ತೆ ಅವನ ಬೆನ್ನು ನೀವುತ್ತಾ ನಿಂತರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಪ್ಪನೇ ಮಾತು ತೆಗೆದ.

“ನೋಡಿದ್ಯಾ, ನಿನ್ನ ಕೀರ್ತಿ.”

“ನಿನಗಾದ್ರೂ ಭಯ ಆಗಲ್ವಾ ಅಣ್ಣಾ?”

“ಆಗುತ್ತೆ. ಊದಬೇಡ. ಕೊಡು ಇಲ್ಲಿ.”

ಅವನು ವಾದ್ಯವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಬೆರಳಾಡಿಸಿದ. ಊದದಿದ್ದರೂ ಕ್ಲಾರಿನೆಟ್ಟಿನ ಮುಚ್ಚಳಗಳು ತೂತಿನ ಮೇಲೆ ಬಿದ್ದಾಗ ಟಕಟಕ ಎಂದು ಸಣ್ಣ ಸದ್ದಾಗುತ್ತದೆ. ಅತ್ತೆ ತಲೆ ವಾಲಿಸಿ ಕೇಳಿದರು. ಆಮೇಲೆ ಕೈ ಚಾಚಿ ಅವನ ಉಂಗುರದ ಬೆರಳನ್ನು ಎತ್ತಿ ಪಕ್ಕಕ್ಕೆ ಇಟ್ಟರು.

“ಅಲ್ಲಲ್ಲ, ಇಲ್ಲಿ. ಅವತ್ತೂ ಇಲ್ಲೇ ತಪ್ತಿದ್ದೆ.”

ಅಪ್ಪ ಮತ್ತೆ ಮೊದಲಿಂದ ಶುರುಮಾಡಿದ. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ. ಭೇಟಿಯ ಹೊತ್ತು ಮುಗಿದ ಮೇಲೆ ಅತ್ತೆ ಕ್ಲಾರಿನೆಟ್ಟನ್ನು ಅವನ ಬಳಿಯೇ ಬಿಟ್ಟು ಬಂದರು. ಆ ವಾರ ಚಿತಾಗಾರಕ್ಕೆ ರಜೆ ಹೇಳಿದರು.

ಅಪ್ಪ ಹೆಚ್ಚು ದಿನ ಇರಲಿಲ್ಲ.

ಅಂದು ಚಿತಾಗಾರದಲ್ಲಿ ಊದಲು ಅತ್ತೆ ಒಪ್ಪಲಿಲ್ಲ. ಅಮ್ಮನ ಪಕ್ಕ, ಮುಂದಿನ ಬೆಂಚಿನಲ್ಲಿ ಕೂತರು. ಅಷ್ಟು ವರ್ಷ ಅಲ್ಲೇ ದುಡಿದರೂ ಆ ಬೆಂಚಿನ ಮೇಲೆ ಅವರು ಕೂತಿರಲಿಲ್ಲ. ವರ್ಕ್‌ಶಾಪಿನ ಬ್ಯಾಂಡಿನವರು ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಶುರುಮಾಡಿದರು, ನಡುವೆ ಒಬ್ಬ ನಿಂತ, ಇನ್ನೊಬ್ಬ ಮುಂದೋಡಿದ. ತುತ್ತೂರಿಯವನು ಅಳುತ್ತಾ ಊದುತ್ತಿದ್ದರಿಂದ ಅವನ ಸ್ವರವೆಲ್ಲ ಒದ್ದೆಯಾಗಿ ಒಡೆಯುತ್ತಿತ್ತು. ಅತ್ತೆ ಮೊದಲು ಕಣ್ಣು ಮುಚ್ಚಿಕೊಂಡಿದ್ದರು. ಪೆಟ್ಟಿಗೆ ಸರಿಯುವಾಗ ಅಮ್ಮನ ಹೆಗಲಿಗೆ ತಲೆಯಿಟ್ಟು ಜೋರಾಗಿ, ಗಂಡಸಿನ ದನಿಯಂಥ ದನಿಯಲ್ಲಿ ಅತ್ತರು.

ಹೊರಗೆ ತುತ್ತೂರಿಯವನು ಬಂದು ಕೈಮುಗಿದ. “ಎಲ್ಲೆಲ್ಲೋ ತಪ್ಪಿಹೋಯ್ತು ಅಕ್ಕಾ. ಕಣ್ಣು ಮಂಜಾಗಿತ್ತು.”

“ನಿಮಗೆ ಅಳೋಕಾದ್ರೂ ಆಯ್ತು. ನಾನು ಒಂದು ದಿನಾನೂ ತಪ್ಪಿರ್ಲಿಲ್ಲ, ಗೊತ್ತಾ?”

“ಅಣ್ಣನ ಕುರ್ಚಿ ಖಾಲಿ ಇದೆ. ನೀವು ಬಂದ್ರೆ…”

ಅತ್ತೆ ತಲೆಯಾಡಿಸಿ ಬೇಡವೆಂದರು. ಸಿಟ್ಟಿನಿಂದಲ್ಲ. “ಅವನು ಕೊಡೋ ಹೊತ್ತಲ್ಲಿ ತಗೊಳ್ಲಿಲ್ಲ. ಈಗ ಹ್ಯಾಗೆ ಕೂರ್ಲಿ?”

ದುಃಖದ ದಿನಗಳು ಕಳೆದು ಅತ್ತೆ ಕೆಲಸಕ್ಕೆ ಮರಳಿದರು. ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ರೀಡು ನೆನೆಸಿದರು. ಮನೆಯವರು ಬಂದರು, ಹೊತ್ತಾಯಿತು, ಅತ್ತೆ ಉಸಿರೆಳೆದುಕೊಂಡರು. ಗಾಳಿ ಬಂತು, ನಾದ ಬರಲಿಲ್ಲ. ತುಟಿ ಬಿಗಿಹಿಡಿಯಲೇ ಇಲ್ಲ. ಪರದೆಯ ಆಚೆ ಯಾರದೋ ಮಗಳು ಅಳುತ್ತಿದ್ದಳಂತೆ, ಅದನ್ನೇ ಕೇಳುತ್ತಾ ಅತ್ತೆ ಕೂತುಬಿಟ್ಟರು. ಮೇಲ್ವಿಚಾರಕ ಒಳ್ಳೆಯವನು, ಕೆಲವು ದಿನ ಕಾದ. ಆಮೇಲೆ ಅಲ್ಲಿಗೂ ಸ್ಪೀಕರ್ ಬಂತು. ಅತ್ತೆ ಡಾಕ್ಟರಿಗೆ ತೋರಿಸಿದರು. ತುಟಿಯಲ್ಲಿ ಏನೂ ದೋಷವಿಲ್ಲ, ತಾನಾಗೇ ಬಂದರೂ ಬರಬಹುದು ಎಂದರು ಅವರು. ಬರಲಿಲ್ಲ, ಅಥವಾ ಅತ್ತೆ ಬರಗೊಡಲಿಲ್ಲ. ಯಾವುದು ನಿಜವೋ ನನಗೆ ಇವತ್ತಿಗೂ ತಿಳಿಯದು.

ಈಗ ಅವರು ಮಾರುಕಟ್ಟೆಯ ಹಿಂದಿನ ವಾದ್ಯದಂಗಡಿಯಲ್ಲಿ ರಿಪೇರಿ ಮೇಜಿನ ಮುಂದೆ ಕೂರುತ್ತಾರೆ. ಶಾಲೆಯ ಬ್ಯಾಂಡಿನವರು, ಪೊಲೀಸ್ ಬ್ಯಾಂಡಿನವರು, ಬೇಸರಕ್ಕೆ ಊದುವ ಗುಮಾಸ್ತರು, ಎಲ್ಲರ ಕ್ಲಾರಿನೆಟ್ಟುಗಳೂ ಅವರ ಕೈಗೆ ಬರುತ್ತವೆ. ರಿಪೇರಿಯಾದ ವಾದ್ಯವನ್ನು ಬಾಯಿಗಿಟ್ಟು ಪರೀಕ್ಷಿಸುವಷ್ಟು ತುಟಿ ಹೇಗೋ ಮರಳಿದೆ. ಸ್ವರಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ, ಮೆಟ್ಟಿಲು ಇಳಿದ ಹಾಗೆ, ಅಷ್ಟೇ. ಹಾಡು ಯಾವುದೂ ಇಲ್ಲ. ಹೊಸ ಗಿರಾಕಿಗಳಿಗೆ ಅವರ ಹಳೆಯ ಹೆಸರು ಗೊತ್ತಿಲ್ಲ, ‘ರಿಪೇರಿ ಅಮ್ಮ’ ಎನ್ನುತ್ತಾರೆ.

ಹೋದ ವಾರ ಹೋಗಿದ್ದಾಗ ತಡೆಯಲಾರದೆ ಕೇಳಿದೆ, “ಅತ್ತೆ, ನನಗೋಸ್ಕರ ಒಂದೇ ಒಂದು ಊದಿ. ಇಲ್ಲಿ ಯಾರೂ ಇಲ್ವಲ್ಲ.”

ಅವರು ಮೇಜಿನ ಮೇಲಿದ್ದ ಯಾರದೋ ವಾದ್ಯವನ್ನು ಎತ್ತಿಕೊಂಡರು. ಇನ್ನೇನು ಊದುತ್ತಾರೆ ಎಂದುಕೊಂಡೆ. ಒಂದು ಸ್ವರ ಹಿಡಿದರು, ಅದು ನಡುಗಿತು, ನಿಲ್ಲಿಸಿದರು. ಬೆರಳಿನಿಂದ ಒಂದು ಮುಚ್ಚಳವನ್ನು ಒತ್ತಿ ನೋಡಿದರು.

“ಗಾಳಿ ಸೋರ್ತಿದೆ ಇದು. ನಾಳೆ ಬರ್ತಾನೆ ಇದರವನು” ಎಂದರು. “ಆ ದೀಪ ಸ್ವಲ್ಪ ಈ ಕಡೆ ತಿರುಗಿಸು.”

ತಿರುಗಿಸಿದೆ. ಅವರು ಕನ್ನಡಕ ಏರಿಸಿಕೊಂಡು ಸಣ್ಣ ಸ್ಕ್ರೂ ಬಿಚ್ಚತೊಡಗಿದರು.