ಹೊಸ್ತಿಲಾಚೆಯ ಬೂಟು

ದೆಹಲಿಯ ಜನಕಪುರಿಯಲ್ಲಿ ಹಾಲಿನ ಬೂತ್ ತೆರೆಯುವ ಮುಂಚೆಯೇ ಸುಮಿತ್ರಾ ಅವರ ಬಾಲ್ಕನಿಯ ಮೇಜಿನ ದೀಪ ಹೊತ್ತಿಕೊಳ್ಳುತ್ತದೆ. ಯಾರೋ ಪೆನ್ಸಿಲ್‌ನಲ್ಲಿ ಬರೆದ ಕಾಮಿಕ್ಸ್ ಪುಟಗಳ ಮೇಲೆ ಕಪ್ಪು ಶಾಯಿ ತೀಡುವುದು ಅವರ ಕಸುಬು. ಇವತ್ತು ಮಾತ್ರ ಕುಂಚ ಶಾಯಿಯಲ್ಲೇ ನಿಂತಿದೆ. ಸ್ಟುಡಿಯೋ ಕಳಿಸಿದ ಕಟ್ಟಿನ ಕೊನೆಯ ಪುಟದಲ್ಲಿ ವಜ್ರಪಾದ ಸತ್ತು ಬಿದ್ದಿದ್ದಾನೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡುತ್ತಾರೆ. ಸತ್ತೇ ಇದ್ದಾನೆ.

ವಜ್ರಪಾದ ಹಿಂದಿ ಕಾಮಿಕ್ಸ್‌ನ ಶೂರ. ಕಾಲು ಅಪ್ಪಳಿಸಿದರೆ ನೆಲ ಬಿರಿಯಬೇಕು. ಸರ್ಕಾರಿ ಗುಮಾಸ್ತ ಗೋಪಿನಾಥರ ಕೈಹಿಡಿದು ತುಮಕೂರಿನಿಂದ ಬಂದ ಸುಮಿತ್ರಾ ಮೊದಲ ಸಂಚಿಕೆಯಿಂದಲೂ ಅವನಿಗೆ ಶಾಯಿ ತೀಡುತ್ತಿದ್ದಾರೆ. ಮೊದಲ ಬರಹಗಾರನ ಕೈಯಲ್ಲಿ ಅವನು ಕೆಟ್ಟು ನಿಂತ ಬಸ್ಸು ತಳ್ಳುವ ಪಕ್ಕದ ಮನೆಯ ಹುಡುಗನಾಗಿದ್ದ. ಎರಡನೆಯವನು ನಗು ಕಿತ್ತುಕೊಂಡು ಕೋಪ ಕೊಟ್ಟ. ಆಮೇಲೆ ಬಂದ ಚಿತ್ರಕಾರನಂತೂ ಕತ್ತೇ ಕಾಣದಷ್ಟು ಭುಜ ಊದಿಸಿಬಿಟ್ಟ. ಬಂದವರೆಲ್ಲ ತಮಗೆ ತೋಚಿದಂತೆ ತಿದ್ದಿದರು. ಸುಮಿತ್ರಾ ಮಾತ್ರ ದಿನಕ್ಕೆರಡು ಪುಟ ಮುಗಿಸುತ್ತ, ಬೆನ್ನುನೋವು, ಕಣ್ಣಿನ ಆಪರೇಷನ್ ಎಲ್ಲ ದಾಟಿ ಇದೇ ಮೇಜಿನಲ್ಲಿ ಕೂತಿದ್ದಾರೆ. ಮುಖಪುಟದಲ್ಲಿ ಅವರ ಹೆಸರು ಒಮ್ಮೆಯೂ ಬಂದಿಲ್ಲ.

ಅವನಿಗೆ ಅವರು ಕೊಟ್ಟದ್ದು ಒಂದೇ ಒಂದು. ಬಹಳ ಹಿಂದೆ, ಒಂದು ಸಂಚಿಕೆಯಲ್ಲಿ, ಬೂಟು ಹಾಕಿಕೊಂಡೇ ಅವನು ಅಜ್ಜಿಯೊಬ್ಬಳ ಅಡುಗೆಮನೆಗೆ ನುಗ್ಗಿದ್ದ. ಸುಮಿತ್ರಾ ಅವರ ಕೈ ಒಪ್ಪಲಿಲ್ಲ. ಯಾರನ್ನೂ ಕೇಳದೆ ಬೂಟನ್ನು ಹೊಸ್ತಿಲಾಚೆ ಬಿಡಿಸಿ, ಒಳಗೆ ಬರಿಗಾಲು ಬರೆದರು. “ಬೂಟು ಹಾಕ್ಕೊಂಡು ಒಲೆ ಹತ್ರ ಹೋಗ್ತಾರೇನ್ರೀ? ನಮ್ಮತ್ತೆ ಆಗಿದ್ರೆ ಹೊರಗೇ ನಿಲ್ಲಿಸ್ತಿದ್ರು,” ಎನ್ನುತ್ತಾರೆ. ಓದುಗರು ಮೆಚ್ಚಿದರು, ಅದೇ ಅವನ ಅಭ್ಯಾಸವಾಯಿತು. ಮುಂದೆ ಬಂದ ಬರಹಗಾರನೊಬ್ಬ ಅವನ ಶಕ್ತಿಯನ್ನೆಲ್ಲ ಆ ಬೂಟಿಗೇ ತುಂಬಿದ.

ಈಗಿನ ಬರಹಗಾರ ಪ್ರಜ್ವಲ್, ನೋಯ್ಡಾದ ಸ್ಟುಡಿಯೋದಲ್ಲಿರುವ ಹಾಸನದ ಹುಡುಗ. ಸುಮಿತ್ರಾ ಅವನನ್ನು ಫೋನಿನಲ್ಲಿ ಎಬ್ಬಿಸಿ, ಏಕೆ ಕೊಂದೆ ಎಂದು ಕೇಳುತ್ತಾರೆ.

“ಆಂಟಿ, ಬೇರೆ ದಾರಿನೇ ಇರ್ಲಿಲ್ಲ. ಮನೆಯೊಳಗೆ ಹೋಗುವಾಗ ಬೂಟು ಬಿಚ್ಚಿಡ್ತಾನಲ್ಲ, ಆಗ್ಲೇ ಹೊಡೀಬೇಕು. ಆ ವೀಕ್ನೆಸ್ ಇಟ್ಟವರು ಯಾರೋ, ಜೀನಿಯಸ್.”

ಸುಮಿತ್ರಾ ಫೋನ್ ಕೆಳಗಿಡುತ್ತಾರೆ. “ನಾನೇ ಕೊಂದ ಹಾಗಾಯ್ತಲ್ರೀ,” ಎಂದು ಗಂಡನ ಮುಖ ನೋಡುತ್ತಾರೆ. ಗೋಪಿನಾಥರು ತಂದಿಟ್ಟ ಕಾಫಿ ಕೆನೆಗಟ್ಟುತ್ತದೆ. ಪುಟ ವಾಪಸ್ ಕಳಿಸಿಬಿಡು, ನಿನ್ನ ಕೈಯಲ್ಲಿ ಬೇಡ ಎಂದು ಅವರು ಹೇಳಿ ನೋಡುತ್ತಾರೆ. ಸುಮಿತ್ರಾ ಒಪ್ಪುವುದಿಲ್ಲ.

“ಬೇರೆಯವರಿಗೆ ಇವನ ಪರಿಚಯ ಇಲ್ಲ. ನಾನೇ ಮಾಡ್ತೀನಿ.”

ಕೊರಿಯರ್ ಹುಡುಗ ಗಂಟೆ ಒತ್ತುವ ಹೊತ್ತಿಗೆ ಪುಟ ಒಣಗಿದೆ. ಸತ್ತವನ ಮುಖಕ್ಕೆ ತೀರಾ ಹಗುರವಾದ ಗೆರೆ. ಪೆನ್ಸಿಲ್‌ನಲ್ಲಿ ಹೊಸ್ತಿಲಾಚೆ ಮಗುಚಿ ಬಿದ್ದಿದ್ದ ಬೂಟುಗಳು ಶಾಯಿಯಲ್ಲಿ ಮಾತ್ರ ಒಂದರ ಪಕ್ಕ ಒಂದು ನೆಟ್ಟಗೆ, ಬೀದಿಯ ಕಡೆ ಮುಖಮಾಡಿ ನಿಂತಿವೆ. ಈ ಸಲವೂ ಅವರು ಯಾರನ್ನೂ ಕೇಳಿಲ್ಲ.

“ಪ್ರಜ್ವಲ್ ಆದ್ಮೇಲೆ ಇನ್ನೊಬ್ಬ ಬರಹಗಾರ ಬಂದೇ ಬರ್ತಾನೆ,” ಎನ್ನುತ್ತಾರೆ ಗಂಡನಿಗೆ, ಕುಂಚ ತೊಳೆಯುತ್ತ. “ಅವನೇನಾದ್ರೂ ಎಬ್ಬಿಸಿದ್ರೆ, ಇವನು ಹಾಕ್ಕೊಂಡು ಹೊರಡೋಕೆ ಬೂಟು ಕಾಲಿಗೆ ಸಿಗ್ಲಿ ಅಂತ.”