ವಿಯೆಟ್ನಾಂನಲ್ಲೂ ಮಂಡಕ್ಕಿ ಹುರಿಯುತ್ತಾರೆ

ಗಿರಿಜಾ, ಆ ದೇಶದಲ್ಲಿ ಒಂದು ಲೋಟ ಚಹಾಕ್ಕೆ ಮುನ್ನೂರು ರೂಪಾಯಿ ಇಲ್ಲ. ಯಾವತ್ತೂ ಇರಲಿಲ್ಲ. ಹದಿನೈದು ರೂಪಾಯಿ — ಐಸು ಹಾಕಿಸಿಕೊಂಡರೂ ಅಷ್ಟೇ. ನಾನು ನಿನಗೆ ಸುಳ್ಳು ಹೇಳಿದೆ. ಒಂದು ಸಲ ಬಾಯಿತಪ್ಪಿ ಬಂದ ಮಾತಲ್ಲ. ಹತ್ತಿರ ಹತ್ತು ವರ್ಷ, ಹೋಗಿ ಬಂದಾಗಲೆಲ್ಲ, ನೀನು ಬಿಸಿ ಅನ್ನ ಬಡಿಸುತ್ತ ಎದುರಿಗೆ ಕೂತಾಗ, ನಿನ್ನ ಮುಖ ನೋಡಿಕೊಂಡೇ ಹೇಳಿದೆ. ಊಟಕ್ಕೆ ಎಂಟುನೂರು ಅಂದೆ. ನೂರರೊಳಗೆ ಹೊಟ್ಟೆ ತುಂಬುತ್ತದೆ. ರೂಮಿಗೆ ಆರು ಸಾವಿರ ಅಂದೆ. ಸಾವಿರಕ್ಕೆ ಚೊಕ್ಕಟ ರೂಮು, ಬೆಳಗಿನ ತಿಂಡಿಯೂ ಸೇರಿ. ಸಸ್ಯಾಹಾರಿಗಳಿಗೆ ಅಲ್ಲಿ ಬಾಳೆಹಣ್ಣೇ ಗತಿ ಅಂದೆನಲ್ಲ — ಅದಂತೂ ಹಸಿ ಸುಳ್ಳು. ಅಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಬಿಡುವ ಜನ ಬೇಕಾದಷ್ಟಿದ್ದಾರೆ. ಬುದ್ಧನ ಗುಡಿಗಳ ಆಸುಪಾಸಿನಲ್ಲಿ ಸಸ್ಯಾಹಾರದ ಅಂಗಡಿಗಳಿವೆ. ಅಲ್ಲಿ ಕೂತು ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಂಡವನು ನಾನು.

ಇದನ್ನು ಓದುವ ಬೇರೆಯವರಿಗೂ ನಾವು ಯಾರೆಂದು ತಿಳಿಯಬೇಕಲ್ಲ. ದಾವಣಗೆರೆಯಲ್ಲಿ ನನ್ನದು ರೈಸ್ ಮಿಲ್ಲುಗಳಿಗೆ ಬೇಕಾದ ಸಾಮಾನಿನ ಅಂಗಡಿ — ರಬ್ಬರ್ ರೋಲರು, ಬೆಲ್ಟು, ಜರಡಿ, ಇಂಥವು. ಅಪ್ಪ ಇಟ್ಟ ಅಂಗಡಿ. ಹರಿಹರ, ಕೊಂಡಜ್ಜಿ, ಕುಕ್ಕುವಾಡದ ಕಡೆಯ ಮಿಲ್ಲಿನವರು ನಮ್ಮ ಗಿರಾಕಿಗಳು. ಗಿರಿಜಾ ನನ್ನ ಹೆಂಡತಿ. ಇದೇ ಊರಿನ ಮಂಡಕ್ಕಿ ಭಟ್ಟಿಯವರ ಹಿರಿಮಗಳು. ಭಟ್ಟಿಯ ಹೊಗೆಯಲ್ಲಿ, ಕಾದ ಉಸುಕಿನ ಬಾಣಲೆಯ ಪಕ್ಕದಲ್ಲಿ ಆಡಿ ಬೆಳೆದವಳು. ಈಗಲೂ ಅಂಗಡಿಯಲ್ಲಿ ಮಂಡಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ‘ನಿನ್ನೇದು’ ಎಂದು ಕೈ ಒದರಿ ಮುಂದಿನ ಅಂಗಡಿಗೆ ಹೋಗುತ್ತಾಳೆ. ಹಿಂದೆ ಚೀಲ ಹಿಡಿದುಕೊಂಡು ನಾನು. ವಿಯೆಟ್ನಾಂನಲ್ಲಿ ಅಕ್ಕಿ ಮಿಲ್ಲಿನ ಯಂತ್ರಗಳನ್ನು ಚೆನ್ನಾಗಿ ಮಾಡುತ್ತಾರೆಂದು ಗೊತ್ತಾದ ಮೇಲೆ, ಕ್ಯಾನ್ ತೋ ಎಂಬ ಹೊಳೆದಂಡೆಯ ಊರಿಗೆ ವರ್ಷಕ್ಕೊಂದೆರಡು ಸಲ ಹೋಗಿ ಬರುವ ರೂಢಿಯಾಯಿತು.

ಮೊದಲ ಸಲ ಹೊರಟಾಗ ನೀನು ನನ್ನ ಅಂಗಿ ಮಡಚಿಡುತ್ತ ಕೇಳಿದೆ — “ನಾನೂ ಬರ್ಲೇನ್ರೀ?” ತಮಾಷೆಗೆ ಕೇಳಿದಂತೆ ಕೇಳಿದೆ. ಆದರೆ ಕೇಳಿದ ಮೇಲೆ ಮಡಚುವುದನ್ನು ನಿಲ್ಲಿಸಿದ್ದೆ. ನಾನು, “ಮೊದ್ಲು ನೋಡ್ಕೊಂಡು ಬರ್ತೀನಿ, ಖರ್ಚು ಹೆಂಗೈತೋ ಏನೋ” ಅಂದೆ. ಆ ಮಾತು ಸುಳ್ಳಲ್ಲ. ನನಗೂ ಭಯವಿತ್ತು.

ಸುಳ್ಳು ಹುಟ್ಟಿದ್ದು ಬಂದ ಮೇಲೆ. “ಹೆಂಗೈತ್ರೀ ಆ ಊರು?” ಅಂದೆ ನೀನು. ಎಷ್ಟು ಚೆನ್ನಾಗಿದೆ ಗೊತ್ತೇನು ಎಂದು ಹೇಳಲು ಬಾಯಿ ತೆರೆದಿದ್ದೆ. ಹಾಗೆಂದರೆ ಮುಂದಿನ ಸಲ ಇವಳೂ ಬರುತ್ತಾಳೆ — ಎಂಬ ಯೋಚನೆ ಅದೇ ಕ್ಷಣ ಬಂತು. ಬಾಯಿ ಬೇರೆಯದನ್ನೇ ಹೇಳಿತು. “ಅಯ್ಯೋ, ಚಾಕ್ಕೇ ಮುನ್ನೂರು ರೂಪಾಯಿ ಕಣೇ. ನಮ್ಮಂಥೋರು ಬದುಕೋ ಊರಲ್ಲ.” ನೀನು ಗಲ್ಲಕ್ಕೆ ಕೈ ಹಚ್ಚಿ ಕೂತೆ. ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಹೆಣ್ಣಿನ ಸಹವಾಸವೇನೋ ಎಂದುಕೊಳ್ಳಬೇಡ. ಹಾಗಿದ್ದಿದ್ದರೆ ನೀನು ಜಗಳ ತೆಗೆದು ಎರಡು ದಿನದಲ್ಲಿ ಮುಗಿಸುತ್ತಿದ್ದೆ. ಇದು ಅದಕ್ಕಿಂತ ಸಣ್ಣದು — ಸಣ್ಣದಾದ್ದರಿಂದಲೇ ಹೇಳಲು ಹೆಚ್ಚು ನಾಚಿಕೆ. ದಾವಣಗೆರೆಯಲ್ಲಿ ನಾನು ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಹತ್ತು ಜನ ಮಾತನಾಡಿಸುತ್ತಾರೆ. ಇಂಥವರ ಮಗ, ಇಂಥವರ ಅಳಿಯ, ಇಂಥ ಅಂಗಡಿಯ ಸಾಹುಕಾರ. ಅಪ್ಪ ಹೇಗೆ ಗಂಟುಮುಖ ಹಾಕಿಕೊಂಡು ಗಲ್ಲಾದ ಮೇಲೆ ಕೂರುತ್ತಿದ್ದರೋ ಹಾಗೆಯೇ ಕೂತು ಕೂತು, ಅದೇ ಮುಖ ಮನೆಗೂ ಬಂತು. ಅಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ. ಅರ್ಧ ಚಡ್ಡಿ ಹಾಕಿಕೊಂಡೆ, ಗಿರಿಜಾ — ಈ ಹೊಟ್ಟೆ ಇಟ್ಟುಕೊಂಡು. ಮಕ್ಕಳು ಕೂರುವಂಥ ಕುಳ್ಳ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹೊಳೆ ನೋಡುತ್ತ ಕೂತು, ಐಸ್‌ಕ್ರೀಮು ತಿಂದೆ. ಕ್ಷೌರಕ್ಕೆ ಹೋದರೆ ನೂರೈವತ್ತಕ್ಕೆ ತಲೆಯನ್ನೂ ತೊಳೆದು ಕಳಿಸುತ್ತಾರೆ. ಕುರ್ಚಿಯಲ್ಲೇ ಗೊರಕೆ ಹೊಡೆದೆ. ಗೊತ್ತಿಲ್ಲದ ಭಾಷೆಯಲ್ಲಿ ತಪ್ಪುತಪ್ಪಾಗಿ ಲೆಕ್ಕ ಹೇಳಿ, ತರಕಾರಿ ಮಾರುವವರ ಜೊತೆ ನಕ್ಕೆ. ನೀನು ಬಂದರೆ ನಾನು ಅಲ್ಲೂ ಸಾಹುಕಾರನಾಗಬೇಕಾಗುತ್ತದೆ ಅನ್ನಿಸಿತು. ಅಲ್ಲದೆ ನೀನು ಎರಡು ದಿನದಲ್ಲಿ ಆ ಓಣಿಯವರನ್ನೆಲ್ಲ ಕನ್ನಡದಲ್ಲೇ ಮಾತನಾಡಿಸಿ ನಿನ್ನವರನ್ನಾಗಿ ಮಾಡಿಕೊಳ್ಳುತ್ತಿದ್ದೆ — ಆಮೇಲೆ ನಾನು ಗಿರಿಜಾಳ ಗಂಡ, ಅಷ್ಟೇ. ಅದು ನನ್ನ ಹೊಟ್ಟೆಕಿಚ್ಚು.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಅಲ್ಲ. ಯಂತ್ರದ ಕಂಪನಿಯ ಹುಡುಗ ಲಾಮ್ ಎಂಬವನು ಒಂದು ಸಲ ನನ್ನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಅವನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದ. ಅಂಗಳಕ್ಕೆ ಕಾಲಿಡುವ ಮೊದಲೇ ವಾಸನೆ ಬಂತು. ನಿಮ್ಮ ಅಪ್ಪನ ಭಟ್ಟಿಯ ವಾಸನೆ. ದೊಡ್ಡ ಕಬ್ಬಿಣದ ಬಾಣಲೆ, ಅದರ ತುಂಬ ಹೊಳೆಯ ಕಪ್ಪು ಉಸುಕು, ಕೆಳಗೆ ಹೊಟ್ಟಿನ ಬೆಂಕಿ. ಆ ಹೆಂಗಸು ಮೊರದಿಂದ ಬತ್ತ ಸುರಿದಳು. ಪಟಪಟನೆ ಅರಳಿ ಮೇಲೆದ್ದಿತು. ಜರಡಿಯಲ್ಲಿ ಉಸುಕು ಇಳಿಸಿ, ಬೆಲ್ಲದ ಪಾಕಕ್ಕೆ ಹಾಕಿ ಅಚ್ಚು ಕತ್ತರಿಸಿದಳು. ಬತ್ತವನ್ನೇ ಹುರಿಯುವುದರಿಂದ ಅದು ನಮ್ಮ ಅರಳಿಗೆ ಹತ್ತಿರವೋ ಮಂಡಕ್ಕಿಗೋ ನನಗೆ ಹೇಳಲು ಬರುವುದಿಲ್ಲ, ನೀನು ಹೇಳುತ್ತಿದ್ದೆ. ನಿಮ್ಮಪ್ಪ ತೀರಿಕೊಂಡು, ಭಟ್ಟಿ ಬೇರೆಯವರ ಪಾಲಾಗಿ ಆಗ ಎರಡು ವರ್ಷವಾಗಿತ್ತು. ಆ ದಾರಿಯಲ್ಲಿ ಆಟೋ ಹೋದರೆ ನೀನು ಇನ್ನೊಂದು ಕಡೆಗೆ ಮುಖ ತಿರುಗಿಸುತ್ತಿದ್ದ ಕಾಲ ಅದು. ಗಿರಿಜಾಗೆ ಇದನ್ನು ತೋರಿಸಬೇಕು ಎಂಬುದೇ ನನಗೆ ಬಂದ ಮೊದಲ ಯೋಚನೆ. ಎರಡನೆಯದು — ಹೇಳಲೇಬಾರದು, ಹೇಳಿದರೆ ನಿಲ್ಲುವವಳಲ್ಲ. ನಾನು ಎರಡನೆಯದನ್ನು ಹಿಡಿದೆ.

ಆಮೇಲೆ ನಾನು ಹೋದಾಗಲೆಲ್ಲ ಆ ಅತ್ತೆ ಲಾಮ್‌ನ ಮೂಲಕ ಕೇಳುತ್ತಿದ್ದಳು, ಹೆಂಡತಿಯನ್ನು ಯಾಕೆ ಕರೆತರಲಿಲ್ಲ ಎಂದು. ಅಲ್ಲಿ ಖರ್ಚಿನ ಸುಳ್ಳು ನಡೆಯುವುದಿಲ್ಲವಲ್ಲ. ಅವಳಿಗೆ ಕಾಲು ಸರಿಯಿಲ್ಲ, ನಡೆಯಲು ಆಗುವುದಿಲ್ಲ ಅಂದೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ನಿನ್ನ ಕಾಲನ್ನು ಮಾತಿನಲ್ಲೇ ಮುರಿದೆ. ಪಾಪ, ಅವಳು ಪ್ರತಿ ಸಲವೂ ನಿನ್ನ ಕಾಲಿಗೆಂದು ಹಸಿರು ಎಣ್ಣೆಯ ಶೀಶೆ ಕೊಟ್ಟು ಕಳಿಸುತ್ತಿದ್ದಳು. ಏರ್‌ಪೋರ್ಟಿನಲ್ಲಿ ತಗೊಂಡೆ ಎಂದು ನಿನ್ನ ಕೈಗಿಟ್ಟೆ. ನೀನು ಅದನ್ನು ನನ್ನ ಬೆನ್ನಿಗೆ ತಿಕ್ಕಿದೆ — ಪ್ರಯಾಣದ ಆಯಾಸ ಇಳಿಯಲಿ ಎಂದು.

ನೀನು ಕಟ್ಟಿಕೊಡುತ್ತಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ — ಅವೆಲ್ಲ ಅವಳ ಮನೆ ಸೇರುತ್ತಿದ್ದವು. ಗಂಡ ಉಪವಾಸ ಬೀಳುತ್ತಾನೆಂದು ನೀನು ಒಲೆ ಮುಂದೆ ಕೂತು ಬಡಿದ ರೊಟ್ಟಿಯನ್ನು ಅವಳು ಮೀನಿನ ಸಾಸಿನಲ್ಲಿ ಅದ್ದಿ, ಕಣ್ಣುಮುಚ್ಚಿ ಸವಿದು ತಿನ್ನುತ್ತಿದ್ದಳು. ಇದನ್ನೂ ಹೇಳಿಬಿಟ್ಟೆ. ಇನ್ನು ನೀನು ಏನಾದರೂ ಅನ್ನು.

ಒಮ್ಮೆ ಮಿಲ್ಲಿನ ಕೆಲಸಕ್ಕೆಂದು ಹರಿಹರಕ್ಕೆ ಹೋದವನು ನಿನ್ನ ತಂಗಿ ಪುಷ್ಪಾಳ ಮನೆಗೆ ಹೋಗಿದ್ದೆ. ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟು ಅವಳು ನಗುತ್ತ ಅಂದಳು: “ನೀವಾದ್ರೂ ತಿನ್ರಿ ಭಾವ. ನೀವು ಫಾರಿನ್ನಿಗೆ ಹೋದಾಗೆಲ್ಲ ಅಕ್ಕ ಇದನ್ನ ಮುಟ್ಟಾದೇ ಇಲ್ಲ. ಅವ್ರು ಅಲ್ಲಿ ಬಾಳೆಹಣ್ಣು ತಿಂದ್ಕೊಂಡು ಅದಾರೆ, ನನಗೆ ಹೆಂಗೆ ಗಂಟ್ಲಾಗೆ ಇಳೀತೈತೆ ಅಂತಾಳೆ.” ದಾವಣಗೆರೆಯವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಸಂಜೆಯಾದರೆ ಮಂಡಕ್ಕಿ ಮಿರ್ಚಿ ಇಲ್ಲದ ಮನೆ ನಮ್ಮೂರಲ್ಲಿಲ್ಲ. ಅದರಲ್ಲೂ ನೀನು ಭಟ್ಟಿಯ ಮಗಳು. ನಾನು ಅಲ್ಲಿ ಐಸ್‌ಕ್ರೀಮು ತಿನ್ನುವಾಗ ನೀನು ಇಲ್ಲಿ ವ್ರತ ಹಿಡಿದವಳಂತೆ — ಆಗಲೇ ಎದ್ದು ಬಂದು ನಿನಗೆ ಎಲ್ಲ ಹೇಳಬೇಕಿತ್ತು. ಹೇಳಲಿಲ್ಲ. ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದೆ. ಪುಷ್ಪಾ ಇನ್ನೊಂದು ಮಿರ್ಚಿ ಹಾಕಿದಳು, ಅದನ್ನೂ ತಿಂದೆ.

ಹೋದ ವರ್ಷ ಲಾಮ್ ಇಲ್ಲಿಗೆ ಬಂದ. ಕೊಂಡಜ್ಜಿ ಹಾದಿಯ ಮಿಲ್ಲೊಂದಕ್ಕೆ ಅವರ ಯಂತ್ರ ಕೂರಿಸುವುದಿತ್ತು. ಮನೆಗೆ ಕರೆಯದಿರಲು ಏನೇನೋ ನೆಪ ಹುಡುಕಿದೆ, ನೀನು ಬಿಡಲಿಲ್ಲ. “ಅಷ್ಟು ದೂರದಿಂದ ಬಂದಾನೆ, ಹೋಟ್ಲಾಗೆ ಉಂಡು ಹೋಗ್ಬೇಕೇನ್ರೀ?” ಅಂದೆ. ಬೆಣ್ಣೆ ದೋಸೆ ಹಾಕಿದೆ. ಅವನು ತಿನ್ನುತ್ತ ತಿನ್ನುತ್ತ ಫೋನು ತೆಗೆದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಫೋನು ಪುಸ್ತಕದ ಕನ್ನಡದಲ್ಲಿ ನಿನಗೆ ಓದಿ ಹೇಳಿತು: “ನಿಮ್ಮ ಕಾಲು ಗುಣವಾಗಿರುವುದು ಸಂತೋಷ. ನನ್ನ ಅತ್ತೆ ಕಳುಹಿಸಿದ ಎಣ್ಣೆ ಉಪಯೋಗವಾಯಿತೇ?”

ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದು ನೀನು ನನ್ನ ಕಡೆ ಒಂದು ಸಲ ನೋಡಿದೆ. ಒಂದೇ ಸಲ. ಆಮೇಲೆ ಅವನ ಫೋನಿನ ಹತ್ತಿರ ಬಗ್ಗಿ ಅಂದೆ: “ಹೂನಪ್ಪಾ, ಈಗ ಆರಾಮೈತೆ. ದಿನಾ ಹಚ್ಕೊಂತಿದ್ದೆ. ನಿಮ್ಮತ್ತೀಗೆ ನಮಸ್ಕಾರ ಹೇಳು.” ನನ್ನ ಮರ್ಯಾದೆ ಉಳಿಸಲು ನೀನೂ ಒಂದು ಸುಳ್ಳು ಹೇಳಿದೆ, ಅದೂ ಎಷ್ಟು ಸಲೀಸಾಗಿ.

ನೀನು ಮಂಡಕ್ಕಿ ತಂದಿಟ್ಟಾಗ ಅವನು ಖುಷಿಯಿಂದ ಕೂಗಿಯೇಬಿಟ್ಟ. ಫೋನಿನಲ್ಲಿ ಅವನ ಅತ್ತೆಯ ಮನೆಯ ವಿಡಿಯೋ ಹಚ್ಚಿದ. ಬಾಣಲೆ, ಉಸುಕು, ಜರಡಿ. ನೀನು ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಕೂತೆ. “ನಮ್ಮಪ್ಪನೂ ಜರಡಿ ಹಿಂಗೇ ಸೊಂಟಕ್ಕೆ ಆನಿಸ್ಕೊಂಡು ಹಿಡೀತಿದ್ದ” ಅಂದೆ, ಯಾರಿಗೆಂದಿಲ್ಲದೆ. ಇನ್ನೊಂದು ಸಲ ಹಚ್ಚು ಎಂದು ಅವನಿಗೆ ಕೈಸನ್ನೆ ಮಾಡಿದೆ. ಎರಡನೆಯ ಸಲ ನೋಡುವಾಗ ನೀನು ವಿಡಿಯೋದ ಮೂಲೆಯಲ್ಲಿ ಕೂತವನನ್ನು ಕಂಡೆ. ಅರ್ಧ ಚಡ್ಡಿ, ಬಾಯಿ ತುಂಬ ಬೆಲ್ಲದ ಅಚ್ಚು, ಯಾವುದಕ್ಕೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮನುಷ್ಯ. ನಾನು ನೆಲ ನೋಡುತ್ತ ಕೂತಿದ್ದೆ.

ಅವನು ಹೋದ ಮೇಲೆ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಯೇ ನೀನು ಕೇಳಿದೆ: “ಅಲ್ಲಿ ಚಾ ಎಷ್ಟ್ರೀ?”

ದೇವರೇ ಕೊಟ್ಟ ಅವಕಾಶ. ಹದಿನೈದು ಎಂದಿದ್ದರೆ ಸಾಕಿತ್ತು. “ಮುನ್ನೂರು” ಅಂದೆ. ರೂಢಿಯಿಂದ ಬಂತೋ, ಹೆದರಿಕೆಯಿಂದಲೋ — ಬಂತು. “ಹೌದಾ” ಅಂದೆ ನೀನು. ನಲ್ಲಿ ನಿಲ್ಲಿಸಿ ತಟ್ಟೆಗಳನ್ನು ಬೋರಲು ಹಾಕಿದೆ. ಹಿಂದಿನ ಸುಳ್ಳುಗಳನ್ನು ನಿನಗೆ ಗೊತ್ತಾಗುವುದಿಲ್ಲವೆಂದು ನಂಬಿ ಹೇಳಿದ್ದೆ. ಇದನ್ನು ಮಾತ್ರ ನಿನಗೆ ಗೊತ್ತಾಗಿದೆ ಎಂದು ತಿಳಿದೂ ಹೇಳಿದೆ. ನನ್ನನ್ನು ಹೆಚ್ಚು ಸುಡುವುದು ಇದೇ.

ಮುಂದಿನ ಪ್ರಯಾಣಕ್ಕೂ ನೀನು ರೊಟ್ಟಿ ಬಡಿದುಕೊಟ್ಟೆ. ಮುಖದಲ್ಲಿ ಸಿಟ್ಟಿಲ್ಲ, ಮಾತಿನಲ್ಲಿ ಕೊಂಕಿಲ್ಲ. ಖರ್ಚಿನ ಸುದ್ದಿಯನ್ನು ಮಾತ್ರ ಕೇಳುವುದು ಬಿಟ್ಟೆ. ನಾನು ಊರಿನ ಬಗ್ಗೆ ಏನಾದರೂ ಹೇಳಹೊರಟರೆ, ಒಲೆ ಮೇಲೆ ಏನೋ ಇದೆ ಎಂದು ಎದ್ದು ಹೋಗುತ್ತಿದ್ದೆ. ನನ್ನ ಮಾತಿಗೆ ಮನೆಯಲ್ಲಿ ಬೆಲೆ ಹೋಗಿತ್ತು, ನ್ಯಾಯವಾಗಿಯೇ ಹೋಗಿತ್ತು.

ಈ ವಾರ ಧೈರ್ಯ ಮಾಡಿದೆ. ನೀನು ಅವರೆಕಾಯಿ ಬಿಡಿಸುತ್ತಿದ್ದೆ. “ಈ ಸಲ ನೀನೂ ಬಾ. ಪಾಸ್‌ಪೋರ್ಟ್ ಮಾಡಿಸ್ತೀನಿ” ಅಂದೆ. ನೀನು ಕೈ ನಿಲ್ಲಿಸಲಿಲ್ಲ.

“ಬ್ಯಾಡ್ರೀ.”

“ಯಾಕ? ಖರ್ಚೇನು ಅಷ್ಟಿಲ್ಲ...”

“ಖರ್ಚಿಗಲ್ಲ. ಆ ವಿಡಿಯೋದಾಗೆ ನೀವು ನಗ್ತಿದ್ರಲ್ಲ, ಹಂಗೆ ನಕ್ಕಿದ್ದು ಮದ್ವಿ ಆದಾಗಿಂದ ನಾನು ನೋಡಿಲ್ಲ. ನಾನು ಬಂದ್ರೆ ಅದು ಅಲ್ಲೂ ಇರಲ್ಲ. ನೀವು ಹೋಗಿ ಬರ್ರಿ.”

ನೀನು ಇದನ್ನು ಮುನಿಸಿನಿಂದ ಹೇಳಿದ್ದರೆ ಸಮಾಧಾನವಾಗುತ್ತಿತ್ತು. ಪ್ರೀತಿಯಿಂದ ಹೇಳಿದೆ. ನನಗೆ ಬೇಕಾದದ್ದನ್ನು ನನಗೆ ಬಿಟ್ಟುಕೊಟ್ಟೆ, ಬುತ್ತಿ ಕಟ್ಟಿಕೊಟ್ಟಷ್ಟೇ ಸಹಜವಾಗಿ. ಈ ಮನೆಯ ನಗು ಹೋದದ್ದು ನಿನ್ನಿಂದ ಎಂದು ಇಷ್ಟು ದಿನ ಒಳಗೊಳಗೇ ನಂಬಿಕೊಂಡು ಅಡಿಗೆ ಮಾಡಿದೆಯಲ್ಲ — ಚಹಾದ ಬೆಲೆ ಸುಳ್ಳು ಹೇಳಿದ್ದು ಅದರ ಮುಂದೆ ಏನೂ ಅಲ್ಲ. ಗಿರಿಜಾ, ನಿನ್ನಿಂದ ಅಲ್ಲ. ನನ್ನಲ್ಲಿ ಇದ್ದದ್ದನ್ನು ನಾನೇ ನಿನಗೆ ಕೊಡಲಿಲ್ಲ. ಹೊಳೆ ಹರಿಹರದಲ್ಲೂ ಇತ್ತು. ಒಂದು ಸಂಜೆ ನಿನ್ನನ್ನು ಕರೆದುಕೊಂಡು ಹೋಗಿ ದಂಡೆಯ ಮೇಲೆ ಕೂರಲಿಲ್ಲ.

ಬೇರೆಯವರು ಓದುವ ಮೊದಲು ನಾಳೆ ಬೆಳಿಗ್ಗೆ ಇದನ್ನು ನಿನ್ನೆದುರು ಕೂತು ನಾನೇ ಓದುತ್ತೇನೆ. ಓದಿ ಮುಗಿಸಿದಾಗ ದಯವಿಟ್ಟು ‘ಇರ್ಲಿ ಬಿಡ್ರಿ’ ಎಂದು ಎದ್ದು ಹೋಗಬೇಡ. ಬೈಯಿ. ಓಣಿಗೆ ಕೇಳಿಸುವಂತೆ ಬೈಯಿ. ಬರುವುದು ಬಿಡುವುದು ನಿನಗೆ ಬಿಟ್ಟದ್ದು, ಒತ್ತಾಯಿಸುವ ಯೋಗ್ಯತೆ ನನಗಿಲ್ಲ. ಆದರೆ ನಾನು ಒಬ್ಬನೇ ಹೋಗುವುದು ಮಾತ್ರ ಇಲ್ಲಿಗೆ ಮುಗಿಯಿತು.