ಮುಟ್ಟದೆ ಡಿಕ್ಕಿ ಹೊಡೆಯಬೇಕಿದ್ದ ತೆಂಗಿನಕಾಯಿ

ಎಂಬತ್ತರ ದಶಕದಲ್ಲಿ ರಾಯಚೂರಿಗೆ ಹೆಣ್ಣು ನೋಡಲು ಬಂದವರು ಹುಡುಗಿಯಿಂದ ಒಂದು ಹಾಡು ಹೇಳಿಸದೆ ಏಳುತ್ತಿರಲಿಲ್ಲ. ನನ್ನ ಕಂಠವೋ, ಎಣ್ಣೆ ಕಾಣದ ಹತ್ತಿ ಮಿಲ್ಲಿನ ಯಂತ್ರ. ಮದುವೆ ಬೇಡವೆಂದೇನೂ ಇರಲಿಲ್ಲ. ಹುಡುಗ ಮಾನ್ವಿಯಲ್ಲಿ ಮೇಷ್ಟ್ರು, ನೋಡಿದ ಕೂಡಲೇ ಹಿಡಿಸಿದ್ದ. ಆದರೆ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಆಗಷ್ಟೇ ಸೇರಿದ್ದೆ. ಅದನ್ನು ಬಿಡು ಎಂದರೆ ಹುಡುಗನನ್ನೇ ಬಿಡುವವಳಿದ್ದೆ. ಈ ಕರಾರನ್ನು ಮೊದಲೇ ಹೇಳಿಬಿಡುತ್ತೇನೆಂದರೆ ಅಪ್ಪ, "ತಡಿ ಯವ್ವಾ, ಅವರು ಮೊದಲ ಉಪ್ಪಿಟ್ಟು ತಿನ್ಲಿ" ಎಂದ.

ಉಪ್ಪಿಟ್ಟು ಮುಗಿಯಿತು. ದೇವದುರ್ಗದಿಂದ ಬಂದಿದ್ದ ಹುಡುಗನ ಅಜ್ಜಿ ನನ್ನ ಮುಖ ನೋಡಿ, "ಹಾಡು ಬ್ಯಾಡ ಬಿಡು. ಅದೇನು ಓದಾಕತ್ತೀಯೋ ಅದನ್ನ ಹೇಳು" ಎಂದಳು. ಅಲ್ಲಿಯವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನನಗೆ ಹುರುಪು ಏರಿತು.

"ಭಾರೀ ಪರಮಾಣುಗಳ ಬೀಜ ಎರಡನ್ನ ಒಂದಕ್ಕೊಂದು ಎದುರು ಬಿಡ್ತಾರ್ರಿ. ಅವು ತೀರಾ ಹತ್ರ ಬಂದ್ರ, ಏನೂ ಇಲ್ಲದ ಜಾಗದಿಂದ ಪಾಸಿಟ್ರಾನ್ ಅನ್ನೋ ಕಣ ಹೊರಗ ಬರತದ. ಎಲೆಕ್ಟ್ರಾನಿನ ಹಂಗ ಇರತದ, ವಿದ್ಯುತ್ತು ಮಾತ್ರ ಉಲ್ಟಾ."

"ಏನೂ ಇಲ್ಲದ ಕಡಿಂದ ಹೆಂಗ ಬರತದ?"

"ಇಬ್ಬರು ಜೋರಿನ ಸೊಸ್ತೇರು ಒಂದ ಅಡಗಿಮನ್ಯಾಗ ಬಂದ್ರ ಜಗಳ ಎಲ್ಲಿಂದ ಬರತದ್ರಿ?"

ಅಜ್ಜಿ ತಲೆಯಾಡಿಸಿದಳು. ಅವಳಿಗೆ ಮೂವರು ಸೊಸೆಯಂದಿರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೋತಿಗೆ ಹೆಂಡ ಕುಡಿಸಿದಂತಾಗಿತ್ತು ನನಗೆ. ಮಾತು ಕೂಡಿದರೆ ಇರಲಿ ಎಂದು ಹುಡುಗನ ಕಡೆಯವರು ತಂದಿಟ್ಟಿದ್ದ ತಟ್ಟೆಯಿಂದ ಎರಡು ತೆಂಗಿನಕಾಯಿ ಎತ್ತಿಕೊಂಡೆ. ನಮ್ಮ ಮಂದಿಯಲ್ಲಿ ಕಾಯಿ ಒಡೆದರೆ ಸಂಬಂಧ ನಿಶ್ಚಯವಾದಂತೆ. ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. "ಇವು ಒಂದಕ್ಕೊಂದು ಮುಟ್ಟಬಾರದ್ರಿ" ಎನ್ನುತ್ತ ಎರಡನ್ನೂ ರಭಸದಿಂದ ಹತ್ತಿರ ತಂದೆ. ಮುಟ್ಟಿದವು. ಒಂದು ಎರಡು ಹೋಳಾಗಿ ನೀರೆಲ್ಲ ಅಜ್ಜಿಯ ಇಳಕಲ್ ಸೀರೆಯ ಮೇಲೂ ನನ್ನ ಮೇಲೂ ಚೆಲ್ಲಿತು.

ಹುಡುಗನ ಕಾಕಾ ಗಡಬಡಿಸಿ ಎಲ್ಲರಿಗೂ ಸಕ್ಕರೆ ಹಂಚಿಬಿಟ್ಟ. ಅಪ್ಪ ಖುಷಿಯಿಂದ ಬಾಯಿಗೆ ಹಾಕಿಕೊಂಡ. ಕರಾರು ಇನ್ನೂ ನನ್ನ ಬಾಯಲ್ಲೇ ಇತ್ತು.

"ನನ್ನ ಓದು ಇನ್ನ ಮೂರು ವರ್ಷ ಅದ್ರಿ" ಎಂದೆ.

ಕಾಕಾ ಸಕ್ಕರೆ ನುಂಗಲಿಲ್ಲ. "ಲಗ್ನ ಆದಮ್ಯಾಲೆ ಎಂಥಾ ಓದು? ಹಂಗಿದ್ರ ನಮಗ ಈ ಸಂಬಂಧ ಬ್ಯಾಡ."

"ಬ್ಯಾಡ ಅನ್ನಾಕ ನೀ ಯಾರಲೇ?" ಅಜ್ಜಿ ಸೀರೆ ಹಿಂಡುತ್ತ ಕೇಳಿದಳು. "ಕಾಯಿ ಒಡದದ, ಸಕ್ಕರಿ ನೀನ ಹಂಚಿದಿ. ಆಕಿಗೆ ಹಿಂದ ಸರಿಯಾಕ ಬರಂಗಿಲ್ಲ ಅಂದ್ರ ನಮಗೂ ಬರಂಗಿಲ್ಲ. ಓದ್ಲಿ."

ಅಜ್ಜಿಯ ಪಕ್ಕ ಕೂತಿದ್ದ ಹುಡುಗ, "ಧಾರವಾಡದ ಬಸ್ ನಾನ ಹತ್ತಸ್ತೀನಿ" ಎಂದ.

ನನಗೆ ಅಳು ತಡೆಯಲಾಗಲಿಲ್ಲ. ಕಾಯಿನೀರೆಂದುಕೊಂಡು ಅಜ್ಜಿ ಸೆರಗಿನಿಂದ ನನ್ನ ಮುಖವನ್ನು ಒರೆಸಿದಳು. ಒರೆಸಿದಷ್ಟೂ ಬರುತ್ತಲೇ ಇತ್ತು.